ಹ್ಯಾಂಬರ್ಗಿನ ದೀರ್ಘವೃತ್ತ

ಹ್ಯಾಂಬರ್ಗಿಗೆ ಹೋದವರು ಬಂದರು ನೋಡುತ್ತಾರೆ. ನೋಡಬೇಕಾದದ್ದೇ. ಎಲ್ಬೆ ನದಿಯ ಮೇಲೆ ಮಹಡಿ ಮಹಡಿಯಾಗಿ ಕಂಟೇನರ್ ಪೇರಿಸಿಕೊಂಡ ಹಡಗೊಂದು ಸದ್ದಿಲ್ಲದೆ ಊರೊಳಗೆ ಬರುವುದನ್ನು ಮೊದಲ ಸಲ ಕಂಡಾಗ, ಹಡಗು ನಿಂತಿದೆ, ಊರೇ ಜರುಗುತ್ತಿದೆ ಅನ್ನಿಸಿತು. ಆದರೆ ನಾನು ಅಲ್ಲಿಗೆ ಹೋದದ್ದು ಹಡಗಿಗಾಗಿ ಅಲ್ಲ, ಒಂದು ಕೋಣೆಗಾಗಿ. ಗಣಿತದ ಪಠ್ಯಪುಸ್ತಕದಲ್ಲಿರಬೇಕಾದ ಆಕೃತಿಯೊಂದನ್ನು ಇಟ್ಟಿಗೆ, ಮರ, ಗಾಜುಗಳಲ್ಲಿ ಕಟ್ಟಿ ನಿಲ್ಲಿಸಿದ ಕೋಣೆ ಅದು. ಆ ಆಕೃತಿಯ ಅರ್ಥವೇನೆಂದು ಇಬ್ಬರು ಯಹೂದಿ ವಿದ್ವಾಂಸರು ಸ್ವಿಟ್ಜರ್ಲೆಂಡಿನ ಮಾನಸಿಕ ಚಿಕಿತ್ಸಾಲಯವೊಂದರಲ್ಲಿ ಕೂತು ಮಾತಾಡಿದ್ದರು ಎಂದು ಓದಿದಂದಿನಿಂದ ಅದನ್ನು ಕಣ್ಣಾರೆ ನೋಡುವ ಹುಚ್ಚು ಹತ್ತಿತ್ತು.

ಕೆಲಿಂಗ್‌ಹೂಸೆನ್ ಷ್ಟ್ರಾಸೆ ಎಂಬ ನಿಲ್ದಾಣದಲ್ಲಿ ಇಳಿದೆ. ಸುರಂಗ ರೈಲೆಂದು ಹೆಸರು, ಆದರೆ ಇಲ್ಲಿ ಅದು ಕಂಬಗಳ ಮೇಲೆ, ಮನೆಗಳ ಮಹಡಿಯ ಎತ್ತರದಲ್ಲಿ ಓಡುತ್ತದೆ. ಕೆಳಗಿಳಿದು ನಾಲ್ಕು ಹೆಜ್ಜೆ ಹಾಕಿದರೆ ಆಲ್‌ಸ್ಟರ್ ಹೊಳೆ. ಊರ ನಡುವೆ ಕೆರೆಯಾಗಿ ಹರಡಿಕೊಳ್ಳುವ ಈ ಹೊಳೆ ಇಲ್ಲಿ ಇನ್ನೂ ಸಪೂರ. ಬಂಗಲೆಗಳ ಹಿತ್ತಲಿಗೆ ತಾಗಿಕೊಂಡೇ ಹರಿಯುತ್ತದೆ. ಹೈಲ್‌ವಿಗ್ ಷ್ಟ್ರಾಸೆ ಅಂಥ ಬಂಗಲೆಗಳ ಬೀದಿ. ಬಿಳಿ ಗಾರೆಯ ದೊಡ್ಡ ಮನೆಗಳ ನಡುವೆ 116ನೇ ನಂಬರಿನದು ಮಾತ್ರ ಕೆಂಪು ಇಟ್ಟಿಗೆಯ ಕಿರಿದಾದ ಮುಖ. ಮೇಲುಗಡೆ ಮೂರು ಅಕ್ಷರ: ಕೆ, ಬಿ, ಡಬ್ಲ್ಯೂ. ವಾರ್ಬರ್ಗ್ ಸಂಸ್ಕೃತಿ ವಿಜ್ಞಾನ ಗ್ರಂಥಾಲಯ. ಒಳಬಾಗಿಲ ಮೇಲೆ ಗ್ರೀಕ್ ಲಿಪಿಯಲ್ಲಿ ನೆನಪಿನ ದೇವತೆ ನೆಮೋಸಿನೆಯ ಹೆಸರು ಕೆತ್ತಿದ್ದಾರೆ.

ಅದನ್ನು ದಾಟಿದರೆ ದೀರ್ಘವೃತ್ತ. ಮೂಲೆಯೇ ಇಲ್ಲದ ಕೋಣೆ. ಗೋಡೆ ಬಾಗುತ್ತ ಹೋಗುತ್ತದೆ, ಪುಸ್ತಕದ ಕಪಾಟುಗಳೂ ಅದರೊಂದಿಗೆ ಬಾಗುತ್ತವೆ, ತಲೆಯ ಮೇಲೆ ಬೆಳಕು ಬಿಡುವ ಗಾಜಿನ ಚಾವಣಿಯೂ ದೀರ್ಘವೃತ್ತವೇ. ಗುಂಡಗಿನ ಕೋಣೆಯಲ್ಲಿ ನಿಂತರೆ ನಡುವೆಂಬುದು ಎಲ್ಲಿದೆ ಎಂದು ಮೈಗೆ ತಾನಾಗಿಯೇ ಗೊತ್ತಾಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಒಂದು ಕಡೆ ನಿಂತರೆ ಇನ್ನೊಂದು ಕಡೆ ಕರೆದಂತಾಗುತ್ತದೆ. ನಾನು ಮಗುವಿನಂತೆ ಅತ್ತಿಂದಿತ್ತ ನಡೆದಾಡಿದೆ. ಸಂಜೆಯ ಉಪನ್ಯಾಸಕ್ಕೆ ಬಂದು ಕೂತಿದ್ದವರು ಸೌಜನ್ಯಕ್ಕೆ ಬೇರೆ ಕಡೆ ನೋಡಿದರು.

ಈ ಕಟ್ಟಡದ ಯಜಮಾನ ಆಬಿ ವಾರ್ಬರ್ಗ್. ಹ್ಯಾಂಬರ್ಗಿನ ಬ್ಯಾಂಕರ್ ಮನೆತನದ ಹಿರಿಮಗ. ಹದಿಮೂರನೆಯ ವಯಸ್ಸಿನಲ್ಲಿ ತಮ್ಮ ಮಾಕ್ಸ್‌ನನ್ನು ಕರೆದು ಒಪ್ಪಂದ ಮಾಡಿಕೊಂಡನಂತೆ: ಜ್ಯೇಷ್ಠನ ಹಕ್ಕು ನಿನಗಿರಲಿ, ಬ್ಯಾಂಕು ನೀನೇ ನೋಡಿಕೋ, ನಾನು ಕೇಳಿದ ಪುಸ್ತಕಗಳನ್ನೆಲ್ಲ ಜೀವನಪೂರ್ತಿ ಕೊಡಿಸುತ್ತಿರು. ತಮ್ಮ ಹೂಂ ಅಂದ. ಬರೆದು ಕೊಡುತ್ತಿರುವುದು ಖಾಲಿ ಚೆಕ್ಕು ಎಂದು ಆ ಹುಡುಗನಿಗೆ ಹೇಗೆ ಗೊತ್ತಾಗಬೇಕು! ಪುಸ್ತಕಗಳು ಹತ್ತಾರು ಸಾವಿರವಾದವು. ಅವನ್ನು ಜೋಡಿಸುವ ಕ್ರಮವೂ ವಾರ್ಬರ್ಗನದೇ. ಲೇಖಕರ ಅಕಾರಾದಿಯಿಲ್ಲ, ಗಾತ್ರದ ಲೆಕ್ಕವಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಯಾರನ್ನು ಕೂರಿಸಿದರೆ ಮಾತು ಕಳೆಗಟ್ಟುತ್ತದೆಂದು ಲೆಕ್ಕ ಹಾಕುವ ಹಿರಿಯರಂತೆ ಅವನು ಪುಸ್ತಕಗಳನ್ನು ಕೂರಿಸುತ್ತಿದ್ದ. ಖಗೋಳದ ಪಕ್ಕ ಜ್ಯೋತಿಷ್ಯ, ತತ್ತ್ವಶಾಸ್ತ್ರದ ಆಚೆಗೇ ಮಾಟಮಂತ್ರ. ನೀವು ಹುಡುಕಿಕೊಂಡು ಹೋದ ಪುಸ್ತಕಕ್ಕಿಂತ ಅದರ ನೆರೆಯದೇ ನಿಮಗೆ ಬೇಕಾದದ್ದು ಎಂಬುದು ಅವನ ನಂಬಿಕೆ. ಹೊಸ ಯೋಚನೆ ಬಂದಾಗಲೆಲ್ಲ ಪುಸ್ತಕಗಳು ಜಾಗ ಬದಲಿಸುತ್ತಿದ್ದವು.

1920ರಲ್ಲಿ ಪಕ್ಕದ 114ನೇ ನಂಬರಿನ ಮನೆಗೆ, ಆಗಿನ್ನೂ ಗ್ರಂಥಾಲಯ ಇದ್ದದ್ದು ಅಲ್ಲೇ, ಒಬ್ಬ ಹೊಸ ಪ್ರಾಧ್ಯಾಪಕ ಬಂದ. ನಲವತ್ತಾರರ ಹತ್ತಿರದ ವಯಸ್ಸು, ಆಗಲೇ ಬೆಳ್ಳಗಾಗುತ್ತಿದ್ದ ದಟ್ಟ ಕೂದಲು. ಹೆಸರು ಎರ್ನ್‌ಸ್ಟ್ ಕಾಸಿರರ್. ವಾರ್ಬರ್ಗ್ ಅಷ್ಟು ಹೊತ್ತಿಗೆ ಬುದ್ಧಿ ಕದಡಿ ಆಸ್ಪತ್ರೆ ಸೇರಿದ್ದ. ಕಪಾಟುಗಳನ್ನು ತೋರಿಸಿದ್ದು ಅವನ ಸಹಾಯಕ ಫ್ರಿಟ್ಸ್ ಸಾಕ್ಸ್ಲ್. ಸುತ್ತು ಮುಗಿದ ಮೇಲೆ ಕಾಸಿರರ್ ಹೇಳಿದ ಮಾತನ್ನು ಸಾಕ್ಸ್ಲ್ ಬರೆದಿಟ್ಟಿದ್ದಾನೆ. ಇದು ಅಪಾಯದ ಜಾಗ, ಇದರಿಂದ ದೂರ ಇರಬೇಕು, ಇಲ್ಲವೇ ವರ್ಷಗಟ್ಟಲೆ ಇಲ್ಲೇ ಸೆರೆಯಾಗಬೇಕು ಎಂಬರ್ಥದ ಮಾತು. ಎರಡನೆಯದನ್ನೇ ಆರಿಸಿಕೊಂಡ.

ಅವನು ಹುಟ್ಟಿದ್ದು 1874ರಲ್ಲಿ, ಬ್ರೆಸ್ಲಾವ್‌ನಲ್ಲಿ. ಆ ಊರು ಇವತ್ತು ಪೋಲೆಂಡಿನ ವ್ರೋಟ್ಸ್‌ವಾಫ್. ಉಳ್ಳವರ ಮನೆ, ಪ್ರತಿಭೆಯಲ್ಲೂ ಉಳ್ಳವರದೇ: ದಾಯಾದಿಗಳಲ್ಲಿ ಒಬ್ಬ ಬ್ರೂನೋ ಪ್ರಸಿದ್ಧ ಪ್ರಕಾಶಕ, ಇನ್ನೊಬ್ಬ ಪೌಲ್ ಬರ್ಲಿನ್ನಿನ ಹೆಸರಾಂತ ಚಿತ್ರಕಲಾ ವ್ಯಾಪಾರಿ. ಎರ್ನ್‌ಸ್ಟ್ ಮಾರ್ಬುರ್ಗ್‌ನಲ್ಲಿ ಹರ್ಮನ್ ಕೋಹೆನ್ ಎಂಬ ಗುರುವಿನ ಬಳಿ ತತ್ತ್ವಜ್ಞಾನಿ ಕಾಂಟ್‌ನನ್ನು ಓದಿದ. ಮನುಷ್ಯ ಏನನ್ನಾದರೂ ‘ತಿಳಿದೆ’ ಎನ್ನುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಆಧುನಿಕ ಯುರೋಪಿನ ತತ್ತ್ವಶಾಸ್ತ್ರ, ವಿಜ್ಞಾನ ಎರಡರ ಚರಿತ್ರೆಯನ್ನೂ ಬರೆಯಲು ಕೂತ. 1906ರಲ್ಲಿ, 1907ರಲ್ಲಿ ಎರಡು ದಪ್ಪ ಸಂಪುಟಗಳು ಬಂದವು. ಅಂಥ ಪುಸ್ತಕ ಬರೆದವನಿಗೆ ಬರ್ಲಿನ್ ವಿಶ್ವವಿದ್ಯಾಲಯ ಕೊಟ್ಟ ಜಾಗ ‘ಪ್ರಿವಾಟ್‌ಡೋಸೆಂಟ್’ ಎಂಬುದು. ಅಂದರೆ ಪಾಠ ಮಾಡಬಹುದು, ಸಂಬಳವಿಲ್ಲ, ಕೇಳಲು ಬಂದ ವಿದ್ಯಾರ್ಥಿಗಳು ಕೊಡುವ ಶುಲ್ಕವಷ್ಟೇ. ಹದಿಮೂರು ವರ್ಷ ಹಾಗೇ ಕಳೆಯಿತು. ಯಹೂದಿಗೆ ಪೀಠ ಸಿಗುವುದು ಅಂದಿನ ಜರ್ಮನಿಯಲ್ಲಿ ಅಷ್ಟು ಅಪರೂಪ. ಚಕ್ರವರ್ತಿ ಓಡಿಹೋಗಿ ಗಣರಾಜ್ಯ ಬಂದಮೇಲೆ, 1919ರಲ್ಲಿ, ವ್ಯಾಪಾರಿಗಳ ಈ ಹ್ಯಾಂಬರ್ಗ್ ಹೊಸದಾಗಿ ಒಂದು ವಿಶ್ವವಿದ್ಯಾಲಯ ತೆರೆದು ಅವನನ್ನು ಕರೆಯಿತು.

ಬರುವಾಗ ಅವನ ತಲೆಯಲ್ಲಿ ಒಂದು ನಕ್ಷೆಯಿತ್ತು. 1917ರಲ್ಲಿ ಬರ್ಲಿನ್ನಿನಲ್ಲಿ ಮನೆಗೆ ಹೋಗಲು ಟ್ರಾಮ್ ಹತ್ತುವಾಗ ಅದು ಹೊಳೆಯಿತಂತೆ. ಇಳಿಯುವ ಹೊತ್ತಿಗೆ ಮುಂದಿನ ದೊಡ್ಡ ಗ್ರಂಥದ ರೂಪುರೇಷೆಯೇ ಸಿದ್ಧವಾಗಿತ್ತೆಂದು ಅವನ ಒಡನಾಡಿ ಡಿಮಿಟ್ರಿ ಗಾವ್ರೋನ್‌ಸ್ಕಿ ಬರೆದಿದ್ದಾನೆ. ಹೊಳೆದದ್ದು ಇಷ್ಟು. ಮನುಷ್ಯನಿಗೆ ಜಗತ್ತು ನೇರವಾಗಿ ಸಿಗುವುದಿಲ್ಲ. ಮಾತು, ಪುರಾಣ, ಧರ್ಮ, ಕಲೆ, ವಿಜ್ಞಾನ ಎಂಬ ತಾನೇ ಕಟ್ಟಿಕೊಂಡ ಸಂಕೇತಗಳ ಮೂಲಕವೇ ಅವನು ಅದನ್ನು ಮುಟ್ಟಬೇಕು. ಇವುಗಳಲ್ಲಿ ವಿಜ್ಞಾನವೊಂದೇ ದಿಟ, ಉಳಿದದ್ದೆಲ್ಲ ಮಂಕು ಎಂದು ತಳ್ಳುವಂತಿಲ್ಲ; ಒಂದೊಂದಕ್ಕೂ ಅದರದೇ ವ್ಯಾಕರಣ. ಈ ಯೋಚನೆಯನ್ನು ಹೊತ್ತು ಬಂದವನು ನೋಡುವುದೇನು? ತಾನು ಬರೆಯಬೇಕೆಂದಿದ್ದ ಪುಸ್ತಕವನ್ನು ಪರಿಚಯವೇ ಇಲ್ಲದ ಯಾರೋ ಕಪಾಟುಗಳಲ್ಲಿ ಮೊದಲೇ ಜೋಡಿಸಿಟ್ಟಿದ್ದಾರೆ! ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಇದೇ.

‘ಸಂಕೇತರೂಪಗಳ ತತ್ತ್ವಶಾಸ್ತ್ರ’ದ ಮೂರು ಸಂಪುಟಗಳು 1923, 1925, 1929ರಲ್ಲಿ ಬಂದವು. ಎರಡನೆಯದು ಪುರಾಣ ಕುರಿತದ್ದು. ಅದರಲ್ಲಿ ನಮ್ಮ ಋಗ್ವೇದದ ಪುರುಷಸೂಕ್ತ ಬರುತ್ತದೆ. ಒಬ್ಬನ ಅಂಗಾಂಗಗಳಿಂದ ಲೋಕವೆಲ್ಲ ಹುಟ್ಟಿತೆಂಬ ಆ ಕಲ್ಪನೆಯಲ್ಲಿ ಕಾಸಿರರ್ ಮೌಢ್ಯವನ್ನು ಕಾಣುವುದಿಲ್ಲ. ತನ್ನ ಮೈಯನ್ನೇ ಅಳತೆಗೋಲಾಗಿಸಿಕೊಂಡು ಮನುಷ್ಯ ದಿಕ್ಕುದೆಸೆಗಳನ್ನು ಗೊತ್ತುಮಾಡಿಕೊಂಡ ಬಗೆಯನ್ನು ಕಾಣುತ್ತಾನೆ. ಹಾಗೆಂದು ಪುರಾಣವೇ ಸಾಕು ಎಂದವನೂ ಅಲ್ಲ. ಈ ಎಚ್ಚರ ಅವನಿಗೆ ಮುಂದೆ ಬೇಕಾಯಿತು.

1924ರ ವಸಂತದಲ್ಲಿ ಕಾಸಿರರ್ ಸ್ವಿಟ್ಜರ್ಲೆಂಡಿನ ಕ್ರೊಯ್ಟ್ಸ್‌ಲಿಂಗೆನ್‌ಗೆ ಹೋದ. ಅಲ್ಲಿನ ಬೆಲ್‌ವ್ಯೂ ಚಿಕಿತ್ಸಾಲಯದಲ್ಲಿದ್ದ ವಾರ್ಬರ್ಗ್, ತನ್ನ ಬುದ್ಧಿ ಮರಳಿ ತನ್ನ ಕೈಗೆ ಸಿಗುತ್ತಿದೆಯೋ ಇಲ್ಲವೋ ಎಂಬ ಭಯದಲ್ಲಿ ದಿನ ತೆಗೆಯುತ್ತಿದ್ದ. ಇಬ್ಬರೂ ಮಾತಾಡಿದ್ದು ಖಗೋಳಶಾಸ್ತ್ರಜ್ಞ ಕೆಪ್ಲರ್ ಬಗ್ಗೆ. ಸಾವಿರಾರು ವರ್ಷ ಮನುಷ್ಯರು ಗ್ರಹಗಳು ವೃತ್ತದಲ್ಲೇ ಸುತ್ತಬೇಕೆಂದು ನಂಬಿದ್ದರು. ವೃತ್ತ ಪರಿಪೂರ್ಣ, ದೈವಿಕ. ಮಂಗಳನ ಚಲನೆಯ ಲೆಕ್ಕ ಕೂಡದೆ ತಲೆ ಚಚ್ಚಿಕೊಂಡ ಕೆಪ್ಲರ್ ಕೊನೆಗೆ ಅದು ದೀರ್ಘವೃತ್ತವೆಂದು ಕಂಡುಕೊಂಡ. ವೃತ್ತಕ್ಕೆ ಒಂದೇ ಕೇಂದ್ರ, ದೀರ್ಘವೃತ್ತಕ್ಕೆ ಎರಡು ನಾಭಿ. ವಾರ್ಬರ್ಗನ ಮಟ್ಟಿಗೆ ಇದು ಬರಿ ಜ್ಯಾಮಿತಿಯಲ್ಲ. ಕೆಪ್ಲರ್ ಜಾತಕವನ್ನೂ ಬರೆಯುತ್ತಿದ್ದವನು, ಲೆಕ್ಕವನ್ನೂ ಮಾಡುತ್ತಿದ್ದವನು. ನಕ್ಷತ್ರಗಳ ಭಯದಿಂದ ಮನುಷ್ಯಬುದ್ಧಿ ಬಿಡಿಸಿಕೊಂಡ ಗಳಿಗೆಗೆ ಆ ಆಕೃತಿಯೇ ಸಾಕ್ಷಿ. ಮಂತ್ರ, ತರ್ಕ ಎರಡರ ಸೆಳೆತದ ನಡುವೆ ಬದುಕಬೇಕಾದ ಪ್ರಾಣಿ ಮನುಷ್ಯ. ಚಿಕಿತ್ಸಾಲಯದಲ್ಲಿ ಕೂತು ಇದನ್ನು ಹೇಳುತ್ತಿದ್ದವನಿಗೆ ಅದು ಪುಸ್ತಕದ ಮಾತಾಗಿರಲಿಲ್ಲ. ಕೇಳುತ್ತಿದ್ದವನಿಗೆ ವಿವರಣೆ ಬೇಕಿರಲಿಲ್ಲ. ಅದೇ ವರ್ಷ ವಾರ್ಬರ್ಗ್ ಮನೆಗೆ ಮರಳಿದ. ಗ್ರಂಥಾಲಯಕ್ಕೆ ಹೊಸ ಕಟ್ಟಡ ಕಟ್ಟಿಸುವಾಗ ಓದುವ ಕೋಣೆ ದೀರ್ಘವೃತ್ತವೇ ಆಗಬೇಕೆಂದು ಹಟ ಹಿಡಿದ. ವಾಸ್ತುಶಿಲ್ಪಿ ಗೆರ್ಹಾರ್ಡ್ ಲಾಂಗ್‌ಮಾಕ್ ಅದನ್ನು ಆ ಕಿರಿದಾದ ನಿವೇಶನದಲ್ಲಿ ಹೇಗೋ ಕೂರಿಸಿಕೊಟ್ಟ. 1926ರ ಮೇ 1ರಂದು ಅದು ತೆರೆಯಿತು. ಮೊದಲ ಉಪನ್ಯಾಸ ಕಾಸಿರರನದು. ಮರುವರ್ಷ ಬಂದ, ನವೋದಯ ಕಾಲದ ತತ್ತ್ವಶಾಸ್ತ್ರ ಕುರಿತ ಅವನ ಪುಸ್ತಕ ವಾರ್ಬರ್ಗನಿಗೇ ಅರ್ಪಣೆ.

ಹೊಳೆ ದಾಟಿ ವಿಂಟರ್‌ಹೂಡೆಗೆ ನಡೆದುಹೋದರೆ ಬ್ಲೂಮೆನ್ ಷ್ಟ್ರಾಸೆ. ಇಲ್ಲಿ 26ನೇ ನಂಬರಿನಲ್ಲಿ ಕಾಸಿರರ್ ಕುಟುಂಬ ಇತ್ತು. ಚೆಂದದ, ಸೊಕ್ಕಿಲ್ಲದ ಬೀದಿ. ಗ್ರಂಥಾಲಯಕ್ಕೂ ಇಲ್ಲಿಗೂ ಎಷ್ಟು ಹತ್ತಿರವೆಂದರೆ, ಒಂದು ವಾದದ ಪೂರ್ವಪಕ್ಷ ಅಲ್ಲಿ ಶುರುಮಾಡಿದರೆ ಸಿದ್ಧಾಂತಕ್ಕೆ ಬರುವಷ್ಟರಲ್ಲಿ ಮನೆ ಸಿಕ್ಕಿಬಿಡುತ್ತದೆ.

ಕಾಸಿರರನ ಬಗ್ಗೆ ಒಂದು ದೂರು ಮೊದಲಿನಿಂದಲೂ ಇದೆ: ತೀರಾ ಸಮಾಧಾನಿ, ತೀರಾ ಸಭ್ಯ, ಕಾಲದ ಬೆಂಕಿ ಅವನನ್ನು ಮುಟ್ಟಲೇ ಇಲ್ಲ ಎಂದು. 1929ರ ವಸಂತದಲ್ಲಿ ದಾವೋಸಿನಲ್ಲಿ ಅವನಿಗೂ ತತ್ತ್ವಜ್ಞಾನಿ ಮಾರ್ಟಿನ್ ಹೈಡೆಗರನಿಗೂ ನಡೆದ ವಾದವನ್ನು ಈ ದೂರಿಗೆ ಪುರಾವೆಯಾಗಿ ತರುತ್ತಾರೆ. ಒಂದು ಕಡೆ ಐವತ್ನಾಲ್ಕರ ಸೌಮ್ಯ ಪ್ರಾಧ್ಯಾಪಕ, ಇನ್ನೊಂದು ಕಡೆ ಮೂವತ್ತೊಂಬತ್ತರ, ಮಾತಿನಲ್ಲಿ ಕಿಡಿಯಿದ್ದ ಹೈಡೆಗರ್. ಹುಡುಗರೆಲ್ಲ ಹೈಡೆಗರ್ ಕಡೆ ವಾಲಿದರು. ಕೊನೆಗೆ ವಿದ್ಯಾರ್ಥಿಗಳು ಆಡಿದ ಅಣಕು ನಾಟಕದಲ್ಲಿ ಎಮ್ಯಾನುಯೆಲ್ ಲೆವಿನಾಸ್ ಎಂಬ ತರುಣ ಕೂದಲಿಗೆ ಬಿಳಿ ಪುಡಿ ಬಳಿದುಕೊಂಡು ಕಾಸಿರರನ ವೇಷ ಹಾಕಿದ. ಮುಂದೆ ದೊಡ್ಡ ತತ್ತ್ವಜ್ಞಾನಿಯಾದ ಈ ಲೆವಿನಾಸ್ ಆ ಅಣಕಕ್ಕೆ ಬದುಕಿಡೀ ಪಶ್ಚಾತ್ತಾಪಪಟ್ಟ.

ನನಗೆ ಆ ದೂರು ಒಪ್ಪಿಗೆಯಿಲ್ಲ. ಹ್ಯಾಂಬರ್ಗಿನ ಪುರಭವನದ ಮುಂದೆ ನಿಂತಾಗ ಇನ್ನೂ ಖಾತ್ರಿಯಾಯಿತು. 1928ರ ಆಗಸ್ಟ್ 11, ಗಣರಾಜ್ಯದ ವೈಮರ್ ಸಂವಿಧಾನದ ದಿನ, ಈ ಕಟ್ಟಡದಲ್ಲಿ ಕಾಸಿರರ್ ಭಾಷಣ ಮಾಡಿದ. ಗಣರಾಜ್ಯವೆಂಬುದು ಯುದ್ಧ ಗೆದ್ದವರು ನಮ್ಮ ಕೊರಳಿಗೆ ಕಟ್ಟಿದ ಪರದೇಶಿ ಸರಕು ಎಂದು ಬಲಪಂಥೀಯರು ಸಾರುತ್ತಿದ್ದ ಕಾಲ. ಕಾಸಿರರ್ ಘೋಷಣೆ ಕೂಗಲಿಲ್ಲ, ಚರಿತ್ರೆ ಹೇಳಿದ. ಮನುಷ್ಯನಿಗೆ ಹುಟ್ಟಿನಿಂದ ಬಂದ ಹಕ್ಕುಗಳಿವೆ ಎಂಬ ವಿಚಾರ ಲೈಬ್‌ನಿಟ್ಸ್, ವೋಲ್ಫ್ ಎಂಬ ಜರ್ಮನರಲ್ಲಿ ಮೊಳೆತು, ಇಂಗ್ಲೆಂಡ್ ದಾಟಿ, ಅಮೆರಿಕ ಮುಟ್ಟಿ, ಫ್ರಾನ್ಸಿನಲ್ಲಿ ಕ್ರಾಂತಿಯಾಗಿ, ಕಾಂಟ್‌ನ ಮೂಲಕ ಮರಳಿ ಜರ್ಮನಿಗೆ ಬಂದದ್ದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಿದ. ಇದು ನಿಮ್ಮ ಮನೆಯದೇ ಆಸ್ತಿ, ಬೀದಿಗೆಸೆಯಬೇಡಿ ಎಂಬುದು ಮಾತಿನ ತಿರುಳು. ತತ್ತ್ವಶಾಸ್ತ್ರದ ಚರಿತ್ರೆ ಅವನಿಗೆ ಹಳೆಯ ಕಡತವಾಗಿರಲಿಲ್ಲ, ಅವನ ಹತ್ತಿರ ಇದ್ದ ಆಯುಧ ಅದೊಂದೇ. ಮರುವರ್ಷ ಅವನು ಹ್ಯಾಂಬರ್ಗ್ ವಿಶ್ವವಿದ್ಯಾಲಯದ ರೆಕ್ಟರ್ ಆದ, ಅಂದರೆ ನಮ್ಮಲ್ಲಿನ ಕುಲಪತಿ. ಯಹೂದಿಯೊಬ್ಬ ಆ ಗೌನು ತೊಟ್ಟದ್ದು ಜರ್ಮನಿಗೆ ದೊಡ್ಡ ಸುದ್ದಿ. 1932ರಲ್ಲಿ ಜ್ಞಾನೋದಯ ಯುಗ ಕುರಿತ ಅವನ ಪುಸ್ತಕ ಹೊರಬಂತು. ಬೀದಿಯಲ್ಲಿ ನಾಜಿಗಳ ಕಂದು ಅಂಗಿಯ ದಳಗಳು ಕವಾಯತು ಮಾಡುತ್ತಿದ್ದಾಗ ಒಬ್ಬ ಕೂತು ವೋಲ್ತೇರ್, ಲೆಸ್ಸಿಂಗ್‌ರ ಬಗ್ಗೆ ಬರೆಯುತ್ತಾನೆಂದರೆ, ಅದನ್ನು ಪಲಾಯನ ಎನ್ನಲು ನನ್ನಿಂದ ಆಗದು.

ದಾಮ್‌ಟೋರ್ ನಿಲ್ದಾಣದ ಎದುರಿಗೇ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ. 1911ರಲ್ಲಿ ವ್ಯಾಪಾರಿಯೊಬ್ಬ ದಾನವಾಗಿ ಕಟ್ಟಿಸಿಕೊಟ್ಟ ಗುಮ್ಮಟದ ಸೌಧ. ಒಳಗೊಂದು ಉಪನ್ಯಾಸ ಮಂದಿರಕ್ಕೆ ಈಗ ಕಾಸಿರರನ ಹೆಸರಿದೆ. ಅವನ ಸಮಗ್ರ ಕೃತಿಗಳೂ ಇದೇ ಊರಿನ ಮೈನರ್ ಪ್ರಕಾಶನದಿಂದ ‘ಹ್ಯಾಂಬರ್ಗ್ ಆವೃತ್ತಿ’ ಎಂಬ ಹೆಸರಿನಲ್ಲೇ ಬಂದಿವೆ. ಎದುರಿನ ಹುಲ್ಲುಮೈದಾನ ಮೂರ್‌ವೈಡೆ. ಎಳೆಬಿಸಿಲಿಗೆ ಹುಡುಗರು ಅಂಗಾತ ಮಲಗಿದ್ದರು. ಅದರ ಒಂದು ಅಂಚಿಗೆ ‘ಗಡೀಪಾರಾದ ಯಹೂದಿಗಳ ಚೌಕ’ ಎಂದು ಹೆಸರು: 1941ರ ಅಕ್ಟೋಬರಿನಿಂದ ಹ್ಯಾಂಬರ್ಗಿನ ಯಹೂದಿಗಳಿಗೆ ಗಂಟುಮೂಟೆಯೊಂದಿಗೆ ಬಂದು ಸೇರಲು ಹೇಳಿದ್ದು ಇಲ್ಲೇ. ಇಲ್ಲಿಂದ ವೂಚ್‌ಗೆ, ಮಿನ್ಸ್ಕ್‌ಗೆ, ರೀಗಾಗೆ. ಈ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರಾಧ್ಯಾಪಕಿ, ಜರ್ಮನ್ ಭಾಷಾ ವಿದ್ವಾಂಸೆ ಆಗಾಥೆ ಲಾಶ್‌ಳನ್ನೂ 1942ರಲ್ಲಿ ರೀಗಾಗೆ ಸಾಗಿಸಿ ಕೊಂದರು. ಇಷ್ಟೆಲ್ಲ ಒಂದೇ ನೋಟದೊಳಗೆ ಹಿಡಿಸುತ್ತದೆ. ನನಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಕಾಸಿರರ್ ಕಾಯಲಿಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿ 30ರಂದು; ಮಾರ್ಚ್ ತಿಂಗಳಲ್ಲೇ ಗಂಡಹೆಂಡಿರು ಹ್ಯಾಂಬರ್ಗ್ ಬಿಟ್ಟರು. ನಾಯಕನಿಗೆ ಯಾವುದು ಹಿತವೋ ಅದೇ ಕಾನೂನು ಎಂಬ ಮಾತು ಕೇಳಿದ ದಿನ, ನಾಳೆ ಈ ದೇಶದ ನ್ಯಾಯಪಂಡಿತರೆಲ್ಲ ಒಟ್ಟಾಗಿ ಎದ್ದು ನಿಲ್ಲದಿದ್ದರೆ ಜರ್ಮನಿ ಮುಗಿದಂತೆ ಎಂದು ಗಂಡ ಹೇಳಿದ್ದನ್ನು ಟೋನಿ ಕಾಸಿರರ್ ತನ್ನ ನೆನಪುಗಳಲ್ಲಿ ದಾಖಲಿಸಿದ್ದಾಳೆ. ಯಾರೂ ಏಳಲಿಲ್ಲ. ಏಪ್ರಿಲ್ 7ರ ಕಾನೂನು ಯಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ಕಿತ್ತುಹಾಕಿತು. ದಾವೋಸಿನ ಎದುರಾಳಿ ಹೈಡೆಗರ್ ಅದೇ ಏಪ್ರಿಲ್‌ನಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದ ರೆಕ್ಟರ್ ಆದ, ಮೇ 1ಕ್ಕೆ ನಾಜಿ ಪಕ್ಷ ಸೇರಿದ. ಕಾಸಿರರನ ಗೆಳೆಯ, ಕಲಾ ಇತಿಹಾಸಕಾರ ಎರ್ವಿನ್ ಪನಾಫ್‌ಸ್ಕಿ ಆಗ ನ್ಯೂಯಾರ್ಕಿನಲ್ಲಿ ಪಾಠ ಮಾಡುತ್ತಿದ್ದ. ಹ್ಯಾಂಬರ್ಗಿನಿಂದ ವಜಾ ಆದ ಸುದ್ದಿ ಹೊತ್ತ ತಂತಿ ಅವನ ಕೈ ಸೇರಿತು. ಲಕೋಟೆಗೆ ತಂತಿ ಕಂಪನಿ ಅಂಟಿಸಿದ್ದ ಹಸಿರು ಪಟ್ಟಿಯ ಮೇಲೆ ಈಸ್ಟರ್ ಹಬ್ಬದ ಹಾರ್ದಿಕ ಶುಭಾಶಯ!

ಇನ್ನು ಪುಸ್ತಕಗಳ ಪ್ರಯಾಣ. ವಾರ್ಬರ್ಗ್ 1929ರಲ್ಲೇ ತೀರಿಕೊಂಡಿದ್ದ. ಸಾಕ್ಸ್ಲ್, ವಾರ್ಬರ್ಗನ ಸಹಾಯಕಿ ಗೆರ್ಟ್ರುಡ್ ಬಿಂಗ್, ತರುಣ ವಿದ್ವಾಂಸ ರೇಮಂಡ್ ಕ್ಲಿಬಾನ್‌ಸ್ಕಿ ಮುಂತಾದವರು ಓಡಾಡಿ ಗ್ರಂಥಾಲಯವನ್ನೇ ಇಂಗ್ಲೆಂಡಿಗೆ ದಾಟಿಸಲು ದಾರಿ ಹುಡುಕಿದರು. ಕಾಗದದ ಮೇಲೆ ಅದು ಮೂರು ವರ್ಷದ ಎರವಲು. 1933ರ ಡಿಸೆಂಬರಿನಲ್ಲಿ ಸುಮಾರು 60,000 ಪುಸ್ತಕಗಳು, 531 ಪೆಟ್ಟಿಗೆಗಳಲ್ಲಿ, ಎರಡು ಸಣ್ಣ ಹಡಗು ಹತ್ತಿ ಎಲ್ಬೆಯಗುಂಟ ಲಂಡನ್ನಿನ ಕಡೆ ಹೊರಟವು. ಹಡಗುಗಳ ಹೆಸರು ಹರ್ಮಿಯಾ ಮತ್ತು ಜೆಸಿಕಾ. ಇಬ್ಬರೂ ಶೇಕ್ಸ್‌ಪಿಯರನ ನಾಯಕಿಯರು, ಇಬ್ಬರೂ ಮನೆಬಿಟ್ಟು ಓಡಿಹೋದವರು. ಜೆಸಿಕಾ ಅಂತೂ ಯಹೂದಿ ಶೈಲಾಕನ ಮಗಳು. ಹೆಸರಿಟ್ಟ ಹಡಗಿನ ಕಂಪನಿಗೆ ಇದ್ಯಾವುದರ ಗೊಡವೆ ಇದ್ದಿರಲಾರದು. ಕಾದಂಬರಿಕಾರನೊಬ್ಬ ಹೀಗೆ ಬರೆದಿದ್ದರೆ ಅತಿಯಾಯಿತು ಎಂದು ನಾನೇ ಮೂಗು ಮುರಿಯುತ್ತಿದ್ದೆ. ಆ ಮೂರು ವರ್ಷ ಮುಗಿಯಲೇ ಇಲ್ಲ. 1944ರಲ್ಲಿ ಗ್ರಂಥಾಲಯ ಲಂಡನ್ ವಿಶ್ವವಿದ್ಯಾಲಯಕ್ಕೆ ಸೇರಿತು, ಈಗಲೂ ವೋಬರ್ನ್ ಚೌಕದಲ್ಲಿದೆ, ಪುಸ್ತಕಗಳ ನೆರೆಹೊರೆಯ ಕ್ರಮವೂ ಉಳಿದಿದೆ. ಹ್ಯಾಂಬರ್ಗಿನಲ್ಲಿ ಉಳಿದದ್ದು ಆ ಕಟ್ಟಡ. 1990ರ ದಶಕದಲ್ಲಿ ನಗರವೇ ಅದನ್ನು ಕೊಂಡು ದುರಸ್ತಿ ಮಾಡಿಸಿತು.

ಕಾಸಿರರ್ ಮೊದಲು ಆಕ್ಸ್‌ಫರ್ಡಿನಲ್ಲಿ ಎರಡು ವರ್ಷ ಇದ್ದ. 1935ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ಅವನಿಗೊಂದು ಪೀಠ ಕೊಟ್ಟಿತು, 1939ರಲ್ಲಿ ಸ್ವೀಡನ್ ಪೌರತ್ವವನ್ನೂ ಕೊಟ್ಟಿತು. ಅರವತ್ತು ದಾಟಿದವನು ಸ್ವೀಡಿಷ್ ಕಲಿತ. ಕಲಿತದ್ದಷ್ಟೇ ಅಲ್ಲ, ಸ್ವೀಡಿಷ್ ತತ್ತ್ವಜ್ಞಾನಿ ಹೇಗರ್‌ಸ್ಟ್ರೋಮ್‌ನ ಮೇಲೆ ಒಂದು ಪುಸ್ತಕವನ್ನೂ, ರಾಣಿ ಕ್ರಿಸ್ಟೀನಾಳಿಗೆ ಪಾಠ ಹೇಳಲು ಬಂದು ಸ್ಟಾಕ್‌ಹೋಮಿನ ಚಳಿಗಾಲದಲ್ಲಿ ಸತ್ತ ದೆಕಾರ್ತ್‌ನ ಮೇಲೆ ಇನ್ನೊಂದನ್ನೂ ಬರೆದ. ಹೋದ ಊರಿನ ವಿಚಾರದ ಚರಿತ್ರೆಯನ್ನು ಬರೆಯುವುದೇ ಆ ಊರಿಗೆ ಬಾಡಿಗೆ ಕಟ್ಟುವ ಅವನ ರೀತಿ. 1940ರಲ್ಲಿ ನಾಜಿ ಸೇನೆ ಪಕ್ಕದ ಡೆನ್ಮಾರ್ಕ್, ನಾರ್ವೆಗಳನ್ನು ಹಿಡಿಯಿತು. ಅದೇ ವರ್ಷ ಜುಲೈಯಿಂದ ನವೆಂಬರ್ ಒಳಗೆ, 1906ರಲ್ಲಿ ಶುರುಮಾಡಿದ ಜ್ಞಾನದ ಚರಿತ್ರೆಯ ನಾಲ್ಕನೆಯ ಸಂಪುಟವನ್ನು ಬರೆದು ಮುಗಿಸಿದ.

1941ರ ಮೇ ತಿಂಗಳಲ್ಲಿ ರೆಮ್ಮಾರೆನ್ ಎಂಬ ಸರಕು ಹಡಗು ಗೋಥೆನ್‌ಬರ್ಗ್‌ನಿಂದ ನ್ಯೂಯಾರ್ಕಿಗೆ ಹೊರಟಿತು. ಗಂಡಹೆಂಡಿರು ಅದರಲ್ಲಿದ್ದರು. ಅದೇ ಹಡಗಿನಲ್ಲಿ, ನಾಜಿಗಳಿಂದ ದೇಶ ದೇಶ ತಪ್ಪಿಸಿಕೊಂಡು ಬಂದ ಭಾಷಾವಿಜ್ಞಾನಿ ರೋಮನ್ ಯಾಕೊಬ್‌ಸನ್ ಕೂಡ ಇದ್ದ. ಸಿಡಿಗುಂಡುಗಳ ಭಯದ ಅಟ್ಲಾಂಟಿಕ್ ದಾಟುವ ಎರಡು ವಾರ ಈ ಇಬ್ಬರೂ ಭಾಷೆಯೆಂದರೇನು ಎಂದು ಮಾತಾಡಿಕೊಂಡೇ ಹೋದರು. ಹಡಗಿನ ಇತರರಿಗೆ ಇವರು ಹೇಗೆ ಕಂಡಿರಬಹುದೆಂದು ಯೋಚಿಸಿದರೆ ನನಗೆ ನಗುವೂ ಬರುತ್ತದೆ, ಮೈಯೂ ಜುಮ್ಮೆನ್ನುತ್ತದೆ.

ಯೇಲ್‌ನಲ್ಲಿ ಮೂರು ವರ್ಷ, ಆಮೇಲೆ ಕೊಲಂಬಿಯಾ. ತನ್ನ ಇಡೀ ತತ್ತ್ವಶಾಸ್ತ್ರವನ್ನು ಅಮೆರಿಕದ ಓದುಗರಿಗಾಗಿ ಇಂಗ್ಲಿಷಿನಲ್ಲೇ ಬರೆದ ‘ಮನುಷ್ಯನ ಕುರಿತು’ 1944ರಲ್ಲಿ ಬಂತು. ಆಮೇಲೆ ಕೈಹಾಕಿದ್ದು ‘ರಾಜ್ಯದ ಪುರಾಣ’ಕ್ಕೆ. ವಾರ್ಬರ್ಗನ ಕಪಾಟುಗಳಲ್ಲಿ ಪುರಾಣವನ್ನು ಪ್ರೀತಿಯಿಂದ ಓದಿದ್ದವನು, ಅದೇ ಪುರಾಣವನ್ನು ಕಾರ್ಖಾನೆಯಲ್ಲಿ ಬಂದೂಕು ತಯಾರಿಸುವಷ್ಟು ಯೋಜಿತವಾಗಿ ತಯಾರಿಸಿ ಒಂದು ದೇಶದ ತಲೆಗೆ ತುಂಬಬಹುದೆಂದು ಈ ಪುಸ್ತಕದಲ್ಲಿ ತೋರಿಸಿದ. 1945ರ ಏಪ್ರಿಲ್ 12ರಂದು ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡ. ಮರುದಿನ ವಿಶ್ವವಿದ್ಯಾಲಯದ ಬಳಿ ಕಾಸಿರರ್ ಹೃದಯಾಘಾತದಿಂದ ಹಠಾತ್ತನೆ ಸತ್ತ. ಜರ್ಮನಿ ಶರಣಾಗಲು ಇನ್ನೂ ಒಂದು ತಿಂಗಳೂ ಇರಲಿಲ್ಲ.

‘ರಾಜ್ಯದ ಪುರಾಣ’ 1946ರಲ್ಲಿ ಅಚ್ಚಾಯಿತು. ಜ್ಞಾನದ ಚರಿತ್ರೆಯ ಆ ನಾಲ್ಕನೆಯ ಸಂಪುಟದ ಹಸ್ತಪ್ರತಿ ಸ್ವೀಡನ್ನಿನಲ್ಲೇ ಉಳಿದಿತ್ತು. ಯುದ್ಧ ಮುಗಿದ ಮೇಲೆ ಟೋನಿ ಅದನ್ನು ತರಿಸಿಕೊಂಡಳು. 1950ರಲ್ಲಿ ಯೇಲ್ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಅವನು ಬರೆದ ಜರ್ಮನ್ ಮೂಲ ಜರ್ಮನಿಯಲ್ಲಿ ಅಚ್ಚಾಗಲು 1957 ಬರಬೇಕಾಯಿತು.